ನೀರಿನ ಹೆಸರು ಹೇಳಿದವರು

ಏಳು ಗುಡ್ಡ ಏಳು ಹೊಳೆಗಳ ಆಚೆ, ಯಾರ ಮುತ್ತಜ್ಜಿಯೂ ಕಂಡಿರದ ಕಾಲದಲ್ಲಿ, ಇಬ್ಬರು ರಾಜರ ಜಗಳದ ನಡುವೆ ಸಿಕ್ಕಿಕೊಂಡ ಒಂದು ಊರಿತ್ತಂತೆ. ಊರಿನ ಜನ ಉಟ್ಟ ಬಟ್ಟೆಯಲ್ಲೇ ಓಡಿ ಇನ್ನೊಂದು ಊರಿನ ಅಗಸೆ ಬಾಗಿಲಿಗೆ ಬಂದರಂತೆ. ಅಗಸೆ ಕಾಯುವವನು ಕೇಳಿದನಂತೆ: ನಿಮ್ಮನ್ನು ಓಡಿಸಿದ್ದು ಯಾವುದು? ಹುಲಿಯೋ, ಬೆಂಕಿಯೋ, ನೀರೋ? ಈ ಮೂರಕ್ಕೆ ಬಾಗಿಲು ತೆಗೆ ಎಂದು ನನಗೆ ಅಪ್ಪಣೆಯಾಗಿದೆ, ಬೇರೆಯದಕ್ಕಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮಕ್ಕಳು ಹಸಿದಿದ್ದವು. ಒಬ್ಬ ಮುದುಕಿ ಮುಂದೆ ಬಂದು, ನೀರು, ಅಂದಳಂತೆ. ಬಾಗಿಲು ತೆರೆಯಿತು. ಎಲ್ಲರೂ ಉಂಡರು, ಮಲಗಿದರು. ಸ್ವಲ್ಪ ಹೊತ್ತಿಗೆ ಅಗಸೆಯನ್ನು ಯಾರೋ ಹೊರಗಿನಿಂದ ಮೆಲ್ಲಗೆ ತಟ್ಟಿದ ಹಾಗಾಯಿತಂತೆ. ಯಾರದು ಎಂದನಂತೆ ಕಾವಲಿನವನು. ನಾನು ನೀರು, ಎಂದಿತಂತೆ ಹೊರಗಿನ ದನಿ. ನನ್ನ ಹೆಸರು ಹೇಳಿ ಯಾರೋ ಒಳಗೆ ಬಂದಿದ್ದಾರಂತೆ. ಅವರನ್ನು ಒಮ್ಮೆ ನೋಡಿ ಹೋಗೋಣವೆಂದು ಬಂದೆ.

ಇಷ್ಟಕ್ಕೆ ಬರುವಷ್ಟರಲ್ಲಿ ಕಥೆ ಹೇಳುವ ಆಯಿಗೆ, ಕೋಮಲಳ ಅಜ್ಜಿಗೆ, ನಿದ್ದೆ ಹತ್ತುತ್ತಿತ್ತು. ಮುಂದೇನಾಯಿತೆಂದು ಕೋಮಲ ಸೆರಗು ಜಗ್ಗಿದರೆ, “ಮುಂದಿಂದು ಆ ನೀರಿಗೇ ಕೇಳ ಹೋಗಬೇ, ನನಗೇನ ಗೊತ್ತು” ಎಂದು ಮಗ್ಗಲು ಬದಲಿಸುತ್ತಿದ್ದಳು. ಮುಂದಿನದನ್ನು ತಾನೇ ಕಟ್ಟಿಕೊಳ್ಳುತ್ತ ಬೆಳೆದ ಕೋಮಲಳಿಗೆ ಈಗ ಆ ಕಥೆಯಲ್ಲಿ ಆಯಿಯದು ಎಷ್ಟು, ತನ್ನದು ಎಷ್ಟು ಎಂಬುದು ಬಗೆಹರಿಯುತ್ತಿರಲಿಲ್ಲ. ಚಿಕ್ಕೋಡಿಯ ಕೋರ್ಟಿನಲ್ಲಿ ಹಿರಿಯ ವಕೀಲರ ಹಿಂದೆ ಕಡತ ಹಿಡಿದು ನಿಂತಾಗಲೂ ಅವಳ ಕಿವಿಯ ಒಂದು ಮೂಲೆಯಲ್ಲಿ ಯಾವುದೋ ಅಗಸೆಯನ್ನು ಯಾರೋ ತಟ್ಟುತ್ತಲೇ ಇರುತ್ತಿದ್ದರು. ಇಂದು ಬೆಳಿಗ್ಗೆ ಯಡೂರಿನ ಮನೆಯ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟು ತಲೆಯೆತ್ತಿದಾಗ ಎದುರಿನ ಗೋಡೆಯ ತೇವದ ಗೆರೆ ಮತ್ತೆ ಮೇಲೇರಿದ್ದು ಕಾಣಿಸಿತು. ನಿನ್ನೆ ಅದು ಉಪ್ಪಿನ ಡಬ್ಬಿಯ ಕೆಳಗಿತ್ತು, ಇಂದು ಡಬ್ಬಿಯನ್ನು ದಾಟಿತ್ತು. ಕಾರ್ತಿಕ ಮಾಸ. ಕೃಷ್ಣೆ ಇಳಿದು, ಮರಳು ಕಾಣಿಸಿ, ಕಬ್ಬು ಕಡಿಯುವವರು ಬಂದು ಗುಡಿಸಲು ಹಾಕಿಯಾಗಿತ್ತು. ಶ್ರಾವಣದ ನೆರೆಯಲ್ಲೂ ಈ ಸಲ ನೀರು ಅಂಗಳಕ್ಕೆ ಬಂದು ಹೊಸ್ತಿಲು ಮೂಸಿ ಹೋಗಿತ್ತೇ ವಿನಾ ಒಳಗೆ ಬಂದಿರಲಿಲ್ಲ. ಕೋಮಲ ಬೆರಳಿಟ್ಟು ನೋಡಿದಳು. ತಣ್ಣಗಿತ್ತು. ಹಿಂದೆ ಸಪ್ಪಳವಾಯಿತು. ಸ್ವರ್ಣೋ ಮೌಶಿ ಸ್ಟೂಲಿನ ಮೇಲೆ ನಿಂತು ಹಿಟ್ಟಿನ ಡಬ್ಬಿ, ಎಣ್ಣೆಯ ಕ್ಯಾನು, ದೇವರ ಫೋಟೊಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸುತ್ತಿದ್ದಳು. “ಏರಾಕತ್ತೈತಿ,” ಎಂದಳು ತಿರುಗದೆಯೇ. ಅವಳು ಕಲಿತ ಮೊದಲ ಕನ್ನಡ ಅದೇ.

ಮೌಶಿ ನೀರಿನ ಊರಿನವಳಲ್ಲ. ಕೋಮಲಳ ಅಣ್ಣ ಶಿವರಾಜನ ಜೊತೆ ಸೈನ್ಯದಲ್ಲಿದ್ದ ಗೆಳೆಯನೊಬ್ಬನ ತಾಯಿ ಅವಳು; ಮೌಶಿ, ಎಂದರೆ ಚಿಕ್ಕಮ್ಮ, ಎಂದು ಮನೆಯವರು ಕರೆಯುತ್ತಿದ್ದರು. ಉತ್ತರದ ಗಡಿಗೆ ತಾಗಿದ ಗುಡ್ಡದ ಊರು, ಅಲ್ಲಿ ಕುಡಿಯುವ ನೀರಿಗೇ ಇಳಿಜಾರು ಇಳಿದು ಹೋಗಬೇಕು. ಬೇಸಿಗೆಯಲ್ಲಿ ಗಡಿಯಾಚೆಯಿಂದ ಫಿರಂಗಿ ಗುಂಡುಗಳು ಬಂದು ಬಿದ್ದವು, ಅವಳ ಮನೆಯ ಮಾಡು ಹೋಯಿತು. ಒಂದು ಶಾಲೆಯಲ್ಲಿ ಎಲ್ಲರನ್ನೂ ಕೂಡಿಹಾಕಿದರು. ಕದನ ನಿಂತಿದೆ, ಮನೆಗೆ ಹೋಗಿ ಎಂದು ಮೈಕಿನಲ್ಲಿ ಕೂಗಿ ಶಾಲೆಗೆ ಬೀಗ ಹಾಕಿದರು. ಹೋಗಲು ಮನೆ ಇರಲಿಲ್ಲ. ಮಗ ಗಡಿಯ ಕಾವಲಿನಲ್ಲಿದ್ದ, ರಜೆಗೆ ಬರುತ್ತಿದ್ದ ಶಿವರಾಜ ಅವಳನ್ನು ಕರೆದುಕೊಂಡು ಬಂದ. ಬಂದ ಹೊಸತರಲ್ಲಿ ಒಂದು ಸಂಜೆ ವೀರಭದ್ರನ ಗುಡಿಯ ಹಿಂದೆ, ಹೊಳೆಗಿಳಿಯುವ ಪಾವಟಿಗೆಯ ಮೇಲೆ ಕೂತಿದ್ದಾಗ ಅವಳು ಕೋಮಲಳ ಮಣಿಕಟ್ಟು ಹಿಡಿದು ತನ್ನ ಹಿಂದಿಯಲ್ಲಿ ಹೇಳಿದ್ದಳು: ನೀನು ಕಾನೂನು ಓದಿದವಳು ಮಗಳೇ, ನನಗಾದದ್ದನ್ನು ಆದ ಹಾಗೆಯೇ ಸರ್ಕಾರದ ಕಾಗದದಲ್ಲಿ ಬರೆಸಿಕೊಡು. ಬರೆಸುತ್ತೇನೆ ಮೌಶಿ, ಎಂದಿದ್ದಳು ಕೋಮಲ, ಮದುವೆಮನೆಯಲ್ಲಿ ಸಿಕ್ಕವರಿಗೆ ಮನೆಗೆ ಬನ್ನಿ ಎನ್ನುವಷ್ಟು ಹಗುರಾಗಿ. ಮೌಶಿ ಮಾತ್ರ ಕೈ ಬಿಡದೆ ಬಹಳ ಹೊತ್ತು ಕೂತಿದ್ದಳು.

ಆಮೇಲೆ ಹೊಳೆ ಬಂತು. ಮಹಾರಾಷ್ಟ್ರದ ಡ್ಯಾಮುಗಳ ಬಾಗಿಲು ತೆಗೆದರೆಂದು ಪಂಚಾಯಿತಿಯವರು ಸಾರಿದರು, ದಂಡೆಯ ಓಣಿಗಳ ಜನವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಕಾಳಜಿ ಕೇಂದ್ರಕ್ಕೆ ಸಾಗಿಸಿದರು. ಅದೂ ಒಂದು ಶಾಲೆಯೇ. ಮೌಶಿ ಆ ಶಾಲೆಯ ಬಾಗಿಲಲ್ಲಿ ನಿಂತು, ಒಳಗಿನ ಕರಿಹಲಗೆ, ಚಾಪೆ, ಗೋಡೆಗೆ ಒರಗಿದ ಹೆಂಗಸರನ್ನು ನೋಡಿ, ಮತ್ತೆ ಇಲ್ಲಿಗೇ ಬಂದೆನೇ, ಎಂದು ಕೇಳಿದ್ದು ಕೋಮಲಳಿಗೆ ಇಂದಿಗೂ ಚಳಿ ಹುಟ್ಟಿಸುತ್ತದೆ. ಊರಿನ ಲೆಕ್ಕ ಬರೆಯುವ ತಲಾಟಿ ಮಾಳೇಶ ಮೊಬೈಲು ಹಿಡಿದು ಒಬ್ಬೊಬ್ಬರನ್ನೇ ಬರೆದುಕೊಳ್ಳುತ್ತ ಬಂದ. ದಂಡೆಯ ಜನಕ್ಕೆ ಮನೆ ಬಿಡುವುದೆಂದರೆ ನೀರೇ; ಬೇರೆ ಕಾರಣ ಉಂಟೆಂಬುದೇ ಅವರ ಮನಸ್ಸಿಗೆ ಹೊಳೆಯುವುದಿಲ್ಲ. ಪಕ್ಕದ ಚಾಪೆಯ ಕೆಂಪವ್ವ ಮೌಶಿಯ ಬೆನ್ನು ಸವರಿ, “ನಿಮ್ಮೂರಿಗಿ ಯಾವ ಹೊಳಿ ಬಂತಬೇ ಯವ್ವಾ?” ಎಂದು ಕೇಳಿದ್ದಳು. ಮೌಶಿ ಆಕಾಶ ತೋರಿಸಿದಳು. “ಹಾಂ, ಮ್ಯಾಲಿನ ಡ್ಯಾಮಿಂದು,” ಎಂದು ಕೆಂಪವ್ವ ಎಲ್ಲರಿಗೂ ತಿಳಿಸಿ ಹೇಳಿದಳು. ಕೋಮಲ ಆದದ್ದನ್ನು ತಿಳಿಸಿದಾಗ ಮಾಳೇಶ ತಲೆ ಕೆರೆದ. “ತಂಗಿ, ಗುಂಡು ಬಿದ್ದಿದ್ದು ಹಾಕಾಕ ಇದರಾಗ ಜಾಗಾ ಇಲ್ಲ. ನೆರಿ ಐತಿ, ಬೆಂಕಿ ಐತಿ, ಸಿಡಿಲ ಐತಿ. ನೆರಿ ಅಂತ ಒತ್ತಲ್ಯಾ? ಹೊದಿಯಾಕರೆ ಸಿಗ್ತೈತಿ ಮುದುಕಿಗಿ.” ಕೋಮಲಳ ಸಲ್ವಾರು ಮೊಣಕಾಲಿನ ತನಕ ಒದ್ದೆಯಾಗಿತ್ತು, ಎಲ್ಲಿಂದಲೋ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು, ಅವಳಿಗೆ ತೂಕಡಿಕೆ. “ಹಾಕ್ರಿ,” ಎಂದಳು.

ಆ ಒಂದು ಮಾತಿನಿಂದಲೇ ಎಲ್ಲ ಶುರುವಾಯಿತು ಎನ್ನುವುದು ಹುಚ್ಚುತನವೆಂದು ಅವಳಿಗೆ ಗೊತ್ತಿತ್ತು. ಆದರೂ ಅಲ್ಲಿಂದ ಮನೆಗೆ ಮರಳಿದ ಮೇಲೆಯೇ ಅಲ್ಲವೇ ಗೋಡೆಯಲ್ಲಿ ಗೆರೆ ಮೂಡಿದ್ದು? ಮೊದಲು ಮೌಶಿ ಪಾತ್ರೆಗಳನ್ನು ಅಟ್ಟಕ್ಕೇರಿಸತೊಡಗಿದಳು. ಆಮೇಲೆ ತನ್ನ ಊರಿನ ಮಾತು ಬಂದಾಗ, ಅಂದು ನೀರು ಬಂತು, ಎನ್ನತೊಡಗಿದಳು. ಆಯಿ ರುಕ್ಮವ್ವ ಮತ್ತು ಅವಳು ಸಂಜೆ ಜಗುಲಿಯಲ್ಲಿ ಶೇಂಗಾ ಸುಲಿಯುತ್ತ ಕೂತರೆ, ಆಯಿ ಅರ್ಧ ಮರಾಠಿ ಅರ್ಧ ಹಿಂದಿ ಬೆರೆಸಿ ಹಿಂದಿನ ನೆರೆಗಳ ಕಥೆ ಹೇಳುವಳು, ಮೌಶಿ ತನ್ನ ಗುಡ್ಡದ ಮಾತಿನಲ್ಲಿ ತನ್ನದನ್ನು ಹೇಳುವಳು. ಯಾರಿಗೆ ಎಷ್ಟು ತಿಳಿಯುತ್ತಿತ್ತೋ, ಇಬ್ಬರೂ ಹೂಂಗುಟ್ಟುತ್ತಿದ್ದರು. ದಸರೆಯ ಹೊತ್ತಿಗೆ ಒಂದು ದಿನ ಮೌಶಿ ಹೇಳಿದಳು: ನಮ್ಮ ಕೋಳಿಗೂಡು ತೇಲಿ ಹೋಯಿತು, ಒಳಗೆ ಹುಂಜ ಕೂಗುತ್ತಲೇ ಇತ್ತು, ತಿರುವಿನಲ್ಲಿ ಮರೆಯಾಗುವ ತನಕ ಕೂಗುತ್ತಿತ್ತು. ಆಯಿಯ ಕೈಯಲ್ಲಿ ಶೇಂಗಾ ನಿಂತಿತು. ಒಳಗೆ ಬಂದು ಕೋಮಲಳ ಕಿವಿಯಲ್ಲಿ, “ಕೋಮಲಿ, ಆ ಹುಂಜ ನಂದಬೇ. ನೀ ಸಣ್ಣಾಕಿದ್ದಿ, ಆಗಿನ ನೆರ‍್ಯಾಗ ಹೋಗಿದ್ದು. ಆಕೀ ಬಾಯಾಗ ಹೆಂಗ ಬಂತು?” ಎಂದಳು. ನಗಲೆಂದು ಹೇಳಿದ್ದಳೋ ಏನೋ, ಆದರೆ ಕಣ್ಣು ನಗುತ್ತಿರಲಿಲ್ಲ. ದೀಪಾವಳಿಗೆ ಓಣಿಯ ಹುಡುಗರು ಪಟಾಕಿ ಹಚ್ಚಿದಾಗ ಮೌಶಿ ಅಂಗಳದಲ್ಲಿ ನಿಂತು ಮಗುವಿನ ಹಾಗೆ ನೋಡಿ ನಕ್ಕಳು. ಹುಟ್ಟಿದಂದಿನಿಂದ ಪಟಾಕಿಗೆ ಹೆದರದ ಆಯಿ ಒಳಗೆ ಕಣಜದ ಸಂದಿಯಲ್ಲಿ ಕಿವಿ ಮುಚ್ಚಿ ಕೂತಿದ್ದಳು. “ದೀಪ ಆರಸ್ರೆಲೇ,” ಎನ್ನುತ್ತಿದ್ದಳು. “ಮ್ಯಾಲಿಂದ ಕಾಣಸ್ತೈತಿ. ದೀಪ ಆರಸ್ರಿ.”

ಗಡಿ ದಾಟಿ ಓಡಿದವರಿಗೆ ಜಗತ್ತು ಒಂದು ಹೆಸರು ಕೊಟ್ಟಿದೆ, ಅವರ ಹಿಂದೆ ಒಪ್ಪಂದಗಳಿವೆ. ಗಡಿಯ ಒಳಗೇ ಓಡಿದವರಿಗೆ ವಿಶ್ವಸಂಸ್ಥೆಯ ಕೆಲವು ಹಾಳೆಗಳ ಸಲಹೆಯುಂಟು, ದೇಶದ ಕಾಯಿದೆ ಒಂದೂ ಇಲ್ಲ. ಹೀಗೆಂದು ಕೋಮಲ ಕಾಲೇಜಿನ ಪರೀಕ್ಷೆಯಲ್ಲಿ ಬರೆದಿದ್ದಳು. ಬರೆದು, ಕಾಗುಣಿತ ತಿದ್ದಿ, ಹೊರಗೆ ಬಂದು ಕುಲ್ಫಿ ತಿಂದಿದ್ದಳು. ಸರ್ಕಾರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಬರ, ಆಲಿಕಲ್ಲು, ಚಳಿಗಾಳಿ, ಬೆಳೆಗೆ ಬೀಳುವ ಕೀಟ ಕೂಡ ಇದ್ದವು. ಯುದ್ಧವಿರಲಿಲ್ಲ. ಗಡಿಯಾಚೆಯ ಗುಂಡಿಗೆ ಸತ್ತರೆ, ಕೈಕಾಲು ಹೋದರೆ ಅದಕ್ಕೊಂದು ಯೋಜನೆಯಿತ್ತು. ಬದುಕಿ ನಡೆದುಕೊಂಡು ಬಂದವರ ಮೇಲೆ ಕಾನೂನಿನ ಕಣ್ಣು ಹಾಯ್ದು ಹೋಗುತ್ತಿತ್ತು, ಗಾಜಿನ ಮೇಲೆ ಹಾಯ್ದ ಹಾಗೆ. ಈಗ ಮೌಶಿಯ ಊರಿನ ಕಚೇರಿಯವರು ಯಾರಿಗೆ ಮನೆ ಕಟ್ಟಿಸಿಕೊಡಬೇಕೆಂಬ ಪಟ್ಟಿ ಗೊತ್ತುಮಾಡುತ್ತಿದ್ದರು. ಹೊರಗಿರುವವರು ಊರು ಬಿಟ್ಟದ್ದು ಯಾಕೆಂದು ಇರುವ ಕಡೆಯ ತಾಲ್ಲೂಕು ಕಚೇರಿ ದೃಢೀಕರಿಸಬೇಕು. ಚಿಕ್ಕೋಡಿಯಿಂದ ಹೋದ ಕಾಗದದಲ್ಲಿ, ಮಾಳೇಶ ಒತ್ತಿದಂತೆಯೇ, ನೆರೆ ಎಂದಿತ್ತು. ನಮ್ಮಲ್ಲಿ ನೆರೆಯೇ ಬಂದಿಲ್ಲ, ಈಕೆ ನಮ್ಮವಳಲ್ಲ, ಎಂದು ಉತ್ತರ ಬಂತು. ಈ ವಾರದೊಳಗೆ ತಿದ್ದಿದ ಕಾಗದ ಹೋಗದಿದ್ದರೆ ಅವಳ ಹೆಸರು ಹೋಗುತ್ತಿತ್ತು. ಹೆಸರಿನ ಜೊತೆ ಮನೆ, ಮನೆಯ ಜೊತೆ ಊರು. ನಿನ್ನೆ ಇದನ್ನು ತಿಳಿಸಿ ಹೇಳಿದಾಗ ಮೌಶಿ ಶಾಂತವಾಗಿ ಕೇಳಿದಳು. ಆದರೆ ಮಗಳೇ, ನೀರು ಬಂದದ್ದು ನಿಜವಲ್ಲವೇ, ಎಂದಳು.

ಚಿಕ್ಕೋಡಿಯ ಕಚೇರಿಗೆ ಹೋಗುವ ಬಸ್ಸಿನಲ್ಲಿ ಆಯಿಯೂ ಹೊರಟಳು. ನೀನ್ಯಾಕ ಎಂದರೆ, “ಮನ್ಯಾಗ ಒಬ್ಬಾಕೀನ ಕುಂಡ್ರಂಗಿಲ್ಲ ನಾ,” ಎಂದಳು, ಗೋಡೆಯ ಕಡೆ ನೋಡದೆ. ಕಬ್ಬಿನ ಟ್ರೇಲರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮಧ್ಯದ ಸೀಟಿನಲ್ಲಿ ಇಬ್ಬರು ಮುದುಕಿಯರ ನಡುವೆ ಕೂತ ಕೋಮಲಳಿಗೆ ಎಡಗಡೆಯಿಂದ ಹಸಿ ಮಣ್ಣಿನ ವಾಸನೆಯೂ ಬಲಗಡೆಯಿಂದ ಸುಟ್ಟ ವಾಸನೆಯೂ ಬಂದ ಹಾಗಾಯಿತು. ಎಡಗಡೆ ಕೂತವಳು ಗುಡ್ಡದ ಮೌಶಿ. ಹೊರಗೆ ಯಾರದೋ ಹೊಲದಲ್ಲಿ ಕಬ್ಬಿನ ಒಣಸೋಗೆಯ ರವದಿಗೆ ಬೆಂಕಿ ಹಾಕಿದ್ದರು, ಸುಟ್ಟ ವಾಸನೆ ಅದರದೇ ಇರಬೇಕು. ಹಸಿ ಮಣ್ಣಿನದಕ್ಕೆ ಅವಳಿಗೆ ಕಾರಣ ಸಿಗಲಿಲ್ಲ. ಹಿಂದಿನ ಸೀಟಿನವನು ಆಯಿಯನ್ನು ಮಾತಿಗೆಳೆದ. “ಎಲ್ಲಿಗಿ ಹೊಂಟೀರಿ ಆಯಿ, ದವಾಖಾನಿಗ್ಯಾ?” “ಕಚೇರಿಗಪ್ಪಾ. ನಮ್ಮ ಸೋರ್ಣವ್ವನ ಮನಿ ಕಳದೈತಿ, ಹುಡುಕಾಕ.” “ಕಚೇರ‍್ಯಾಗ ಇದ್ದಿದ್ದ ಮನಿನೂ ಕಳೀತಾರ, ಹುಷಾರ,” ಎಂದು ಅವನು ನಕ್ಕ. ಬಸ್ಸಿನ ಅರ್ಧ ಜನ ನಕ್ಕರು. ಕೋಮಲಳಿಗೆ ಅವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ, ಈ ಹುಡುಗಿಯೇ ಕಳೆದದ್ದು ಎಂದು ಅವರಿಗೆ ತಿಳಿದುಹೋಗಿದೆ ಎನಿಸಿತು.

ತಾಲ್ಲೂಕು ಕಚೇರಿಯ ಶಿರಸ್ತೇದಾರ ವಿರುಪಾಕ್ಷಪ್ಪ ಕನ್ನಡಕ ಹಣೆಗೇರಿಸಿ ನೋಡಿದರು. “ಬರ್ರಿ ವಕೀಲ ಬಾಯಾರ. ಮತ್ತ ಅದ ಯುದ್ಧ ತಂದೀರೇನು?” ಪಕ್ಕದ ಮೇಜಿನ ಗುಮಾಸ್ತ ಕಿಸಕ್ಕೆಂದ. ಕೋಮಲ ಬಾಯಿಪಾಠ ಮಾಡಿ ಬಂದದ್ದನ್ನು ಹೇಳತೊಡಗಿದಳು: ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳು, ಸಶಸ್ತ್ರ ಸಂಘರ್ಷದಿಂದ ಸ್ಥಳಾಂತರಗೊಂಡವರು, ಮರಳಿ ಹೋಗುವ ಹಕ್ಕು. ಹೇಳುತ್ತ ಹೇಳುತ್ತ ತನ್ನ ದನಿ ಶಾಲೆಯ ಭಾಷಣದ ದನಿಯಾಗುತ್ತಿರುವುದು ಅವಳಿಗೇ ಕೇಳಿಸಿತು. “ಅದು ಸುತ್ತೋಲಿ ಐತೇನ್ರಿ? ನಂಬರ ಹೇಳ್ರಿ, ತಗಸ್ತೀನಿ,” ಎಂದರು ಅವರು. ನಂಬರಿರಲಿಲ್ಲ. “ಕಾಯ್ದೆ?” ಕಾಯಿದೆಯೂ ಇರಲಿಲ್ಲ. “ಮತ್ತ ನಿಮ್ಮ ಊರಿನ ತಲಾಟಿ ಬರದಿದ್ದು ಸುಳ್ಳೇನು? ನೀವ ಹೇಳಿ ಬರಸೀರಂತ.” ಗುಮಾಸ್ತ ಈಗ ನಗಲಿಲ್ಲ, ತಲೆಯೆತ್ತಿ ನೋಡಿದ, ಅದು ನಗೆಗಿಂತ ಕೆಟ್ಟದಾಗಿತ್ತು. ಹೌದ್ರಿ, ಎಂದಳು ಕೋಮಲ. ವಿರುಪಾಕ್ಷಪ್ಪ ಪೆನ್ನಿನ ಮುಚ್ಚಳ ತೆಗೆದರು. ಅವರು ಕೆಟ್ಟ ಮನುಷ್ಯರಲ್ಲ. “ಇಲ್ಲಿ ಕೇಳ್ರಿ. ಮಷೀನಿನ್ಯಾಗ ನಾ ಏನೂ ಮಾಡಾಕ ಬರೂದಿಲ್ಲ. ಆಕೀ ನನ್ನ ಮುಂದ ಕುಂತು ತನ್ನ ಬಾಯಿಲೆ ಹೇಳ್ಲಿ, ಕೈಲೆ ಬರಕೊಂತೀನಿ, ತಹಶೀಲ್ದಾರ ಸಾಹೇಬ್ರ ಸಹಿ ಮಾಡಸ್ತೀನಿ. ಆದ್ರ ಆಕೀ ಬಾಯಿಲೆ. ನೀವು ಹೇಳಿದ್ದು ವಕೀಲರ ಮಾತಾಗ್ತೈತಿ.”

ಮೌಶಿಯನ್ನು ಕುರ್ಚಿಯಲ್ಲಿ ಕೂರಿಸಿದರು. ವಿರುಪಾಕ್ಷಪ್ಪ ಹಿಂದಿಯಲ್ಲಿ ಕೇಳಿದರು: ಅಂದು ಏನಾಯಿತು, ತಾಯಿ? ಮೌಶಿ ಸೆರಗು ಸರಿಮಾಡಿಕೊಂಡು, ಯಾವ ತಡವರಿಕೆಯೂ ಇಲ್ಲದೆ, ಕನ್ನಡದಲ್ಲಿ ಹೇಳಿದಳು. “ಹೊಳಿ ಬಂತ್ರಿ. ಹುಂಜ ಕೂಗಾಕತ್ತಿತ್ತು.” ಪೆನ್ನು ಕಾಗದದ ಮೇಲೆ ನಿಂತಿತು. ಮೌಶಿ, ಎಂದಳು ಕೋಮಲ. ಮೌಶಿ ಅವಳತ್ತ ತಿರುಗಿ ನಕ್ಕಳು. ಆ ನಗೆಯಲ್ಲಿ ಎಂಥ ನೆಮ್ಮದಿಯಿತ್ತೆಂದರೆ ಕೋಮಲಳಿಗೆ ಎದ್ದು ಹೊರಗೆ ಓಡಬೇಕೆನಿಸಿತು. ಇವಳಿಂದ ಈ ನೆಮ್ಮದಿಯನ್ನು ಕಿತ್ತುಕೊಂಡು, ಮಾಡಿಲ್ಲದ ಮನೆಯನ್ನು ಮತ್ತೆ ಇವಳ ಕಣ್ಣಮುಂದೆ ನಿಲ್ಲಿಸಲು ತಾನು ಯಾರು? ಇಲ್ಲೇ ಇರಲಿ, ನೆರೆಯವಳಾಗಿಯೇ ಇರಲಿ, ಶೇಂಗಾ ಸುಲಿಯುತ್ತ. ಗುಮಾಸ್ತನ ಮೇಜಿನ ಕೆಳಗೆ ನೆಲ ಒದ್ದೆಯಾಗಿದೆ ಎಂದು ಅವಳಿಗೆ ಕಂಡಿತು; ಕುಡಿಯುವ ನೀರಿನ ಗಡಿಗೆ ಸೋರುತ್ತಿರಬೇಕು, ಆದರೆ ಗಡಿಗೆ ಇದ್ದದ್ದು ಆ ಕಡೆಯ ಗೋಡೆಗೆ.

ಆಗ ಆಯಿ ಮಾತಾಡಿದಳು. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದವಳು ಅಲ್ಲಿಂದಲೇ, ಯಾರನ್ನೂ ನೋಡದೆ, ನಿದ್ದೆಯಲ್ಲಿ ಕಥೆ ಹೇಳುವ ದನಿಯಲ್ಲಿ: “ಸಂಜೀನ್ಯಾಗ ಬಂತ್ರಿ. ಮ್ಯಾಲಿಂದ. ಮದ್ಲ ನೆಲುವಿನ ಭಾಂಡೆ ನಡುಗಿದ್ವು. ನಾ ರೊಟ್ಟಿಗಿ ಹಿಟ್ಟ ನಾದಾಕತ್ತಿದ್ನಿ. ಕರು ಒದರ‍್ತು ಅಂತ ಹೊರಗ ಬಂದ್ನಿ, ಹಿಂದಿಂದ ಮಾಡ ಹೋತು.” ಇದನ್ನು ಮೌಶಿ ಜಗುಲಿಯಲ್ಲಿ ಹೇಳಿದ್ದಿರಬೇಕು. ಆದರೆ ಆಯಿಯ ಎರಡು ಕೈಗಳು ಈಗ ಗಾಳಿಯಲ್ಲಿ ಹಿಟ್ಟು ನಾದುತ್ತಿದ್ದವು, ಕಣ್ಣು ಸೂರಿನ ಕಡೆ ಏರಿತ್ತು. “ಈ ಮುದುಕಿದೂ ಮನಿ ಹೋಗೇತೇನ್ರಿ?” ಎಂದರು ವಿರುಪಾಕ್ಷಪ್ಪ. “ಯಾರದ ಜಬಾಬು ಬರಕೊಳ್ಳಿ ನಾ?” ಆಯಿಗೆ ಅದು ಕೇಳಿಸಲಿಲ್ಲ. “ಎಲ್ಲಾರೂ ಓಡಿದ್ವಿ. ರಸ್ತೇದ ಕೆಳಗ ಮೋರಿ ಇತ್ತು, ಅದರಾಗ ಹೊಕ್ವಿ. ಕೈಯಾಗ ಜ್ವಾಳದ ಹಿಟ್ಟ ಹಂಗ ಇತ್ತು.”

“ಜ್ವಾಳ ಅಲ್ಲ,” ಎಂದಳು ಮೌಶಿ.

ಅದು ತಂಗಿಯನ್ನು ಅಕ್ಕ ತಿದ್ದುವ ಹಾಗೆ, ಸ್ವಲ್ಪ ಸಿಡುಕಿನ ದನಿಯಾಗಿತ್ತು. ಆಯಿ ಸೂರಿನಿಂದ ಕಣ್ಣು ಇಳಿಸಿದಳು. “ಮತ್ತೇನ ಹಿಟ್ಟಬೇ?” “ಮಕ್ಕಿ,” ಎಂದಳು ಮೌಶಿ, ಮೆಕ್ಕೆಜೋಳಕ್ಕೆ ತನ್ನ ಕಡೆಯ ಹೆಸರು ಹೇಳಿ. ನಮ್ಮಲ್ಲಿ ನಿಮ್ಮ ಬಿಳಿ ಜೋಳ ಎಲ್ಲಿದೆ, ಎಂದಳು ಹಿಂದಿಯಲ್ಲಿ. ಹಳದಿ ಹಿಟ್ಟು, ಬಿಸಿನೀರಿನಲ್ಲಿ ನಾದಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಹಾಗೆಂದು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡಳು. ಕೈಯನ್ನು ನೋಡುತ್ತಿದ್ದ ಮೌಶಿಯ ಮುಖದಿಂದ ನೆಮ್ಮದಿ ಇಳಿಯತೊಡಗಿತು, ಪಾವಟಿಗೆಯಿಂದ ಪಾವಟಿಗೆಗೆ ಹೊಳೆ ಇಳಿಯುವ ಹಾಗೆ, ಕೆಳಗಿನ ಕಲ್ಲು ಒಂದೊಂದೇ ಕಾಣಿಸುತ್ತ. ಮೋರಿಯಲ್ಲಿ ಪಕ್ಕದ ಮನೆಯ ಮಕ್ಕಳಿದ್ದರು, ಎಂದಳು. ಅಳುತ್ತಿದ್ದರು. ಅಳಬೇಡಿ, ಸದ್ದು ಕೇಳಿಸುತ್ತದೆ ಎಂದು ಎಲ್ಲರೂ ಗದರುತ್ತಿದ್ದರು, ಮೇಲಿನಿಂದ ಬೀಳುವುದಕ್ಕೆ ಕಿವಿ ಇರುವ ಹಾಗೆ. ನಾನು ಈ ಕೈ ಮುಂದೆ ಹಿಡಿದೆ. ಅವು ಹಸಿ ಹಿಟ್ಟನ್ನೇ ನೆಕ್ಕಿದವು. ಒಂದಾದ ಮೇಲೆ ಒಂದು, ಕರುಗಳ ಹಾಗೆ. ಬೆರಳ ಸಂದಿಯದ್ದೂ ಬಿಡಲಿಲ್ಲ. ಅಷ್ಟರಲ್ಲಿ ನನ್ನ ಮನೆ ಉರಿಯುವುದು ಮೋರಿಯ ಬಾಯಿಂದ ಕಾಣುತ್ತಿತ್ತು. ನನಗೆ ಮನೆಯ ಯೋಚನೆ ಇರಲಿಲ್ಲ, ಹಿಟ್ಟಿಗೆ ಉಪ್ಪು ಹಾಕಿರಲಿಲ್ಲವಲ್ಲ ಎಂದೇ ಅನಿಸುತ್ತಿತ್ತು.

“ಇದನ್ನ ನನಗ ಹೇಳೇ ಇಲ್ಲಲ್ಲಬೇ ನೀ,” ಎಂದಳು ಆಯಿ ಮೆಲ್ಲಗೆ. ನಾದುತ್ತಿದ್ದ ಅವಳ ಕೈಗಳು ಮಡಿಲಿಗೆ ಬಿದ್ದಿದ್ದವು, ಮತ್ತೆ ಅವಳದೇ ಮುದಿ ಕೈಗಳಾಗಿ.

ಮೌಶಿ ಅಳಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು: ಊರು, ತಿಂಗಳು, ಮಾಡು ಹೋದದ್ದು, ಶಾಲೆಗೆ ಹೋದದ್ದು, ಶಾಲೆಯಿಂದ ಕಳಿಸಿದ್ದು. ಒಂದು ಕಡೆ ಮಾತ್ರ ತಡೆದಳು. ವಿರುಪಾಕ್ಷಪ್ಪ, ಊರು ಬಿಟ್ಟು ಬಂದಿರುತ್ತಾಳೆ, ಎಂದು ಬರೆಯುತ್ತ ಹೇಳಿದ್ದನ್ನು ಕೋಮಲ ಹಿಂದಿಗೆ ತಿರುಗಿಸಿದಾಗ, ಬಿಟ್ಟು ಬರಲಿಲ್ಲ ಎಂದಳು. ಬಿಡಿಸಿದರು, ಎಂದು ತಿದ್ದಿದಳು. ವಿರುಪಾಕ್ಷಪ್ಪ ಕೋಮಲಳನ್ನು ನೋಡಿದರು. ಅವಳು ಏನೂ ಹೇಳಲಿಲ್ಲ, ಹೇಳಿದರೆ ವಕೀಲರ ಮಾತಾಗುತ್ತಿತ್ತು. ಅವರು ಒಂದು ಪದ ಹೊಡೆದು, ಮೇಲೆ ಇನ್ನೊಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದರು. ಆಮೇಲೆ ಹಳೆಯ ದೃಢೀಕರಣದ ಪ್ರತಿಯನ್ನು ಎಳೆದುಕೊಂಡು, ಕಾರಣ ಎಂದಿದ್ದ ಕಡೆ ಪೆನ್ನಿಟ್ಟರು. “ಇಷ್ಟ ವರ್ಷದಾಗ ಇಲ್ಲಿ ಈ ಅಕ್ಷರ ಬರದಿಲ್ರಿ ನಾ,” ಎಂದರು. ಗುಮಾಸ್ತ ಎದ್ದು ಬಂದು ಅವರ ಹೆಗಲ ಹಿಂದೆ ನಿಂತಿದ್ದ.

ನೆರೆ ಎಂಬುದರ ಮೇಲೆ ಗೆರೆ ಎಳೆದರು. ಯುದ್ಧ ಎಂದು ಬರೆದರು.

ತಹಶೀಲ್ದಾರರ ಸಹಿಯಾಗಿ ಬರುವ ತನಕ ಮೂವರೂ ವರಾಂಡದ ಬೆಂಚಿನಲ್ಲಿ ಕೂತಿದ್ದರು. ಕಾಗದ ಬಂದಾಗ ಮೌಶಿ, ಓದು, ಎಂದಳು. ಕೋಮಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಏನೂ ಸೇರಿಸದೆ, ಏನೂ ಮೆತ್ತಗೆ ಮಾಡದೆ, ಅವಳ ಮಾತಿಗೆ ತಿರುಗಿಸಿ ಓದಿದಳು. ಮಕ್ಕಳು ಕೈ ನೆಕ್ಕಿದ್ದೂ ಅದರಲ್ಲಿತ್ತು. ವಿರುಪಾಕ್ಷಪ್ಪ ಅದನ್ನು ಬಿಟ್ಟಿರಲಿಲ್ಲ. ಮೌಶಿ ಕೊನೆಯ ತನಕ ಕೇಳಿ, ಪೆನ್ನು ಇಸಿದುಕೊಂಡು, ಕಾಗದವನ್ನು ಕೋಮಲಳ ಬೆನ್ನಿಗೆ ಒತ್ತಿ ಹಿಡಿದು ತನ್ನ ಲಿಪಿಯಲ್ಲಿ ಹೆಸರು ಬರೆಯತೊಡಗಿದಳು. ಪೆನ್ನಿನ ಮೊನೆ ಬೆನ್ನ ಮೇಲೆ ಮೆಲ್ಲಗೆ, ಒಂದೊಂದೇ ಅಕ್ಷರವಾಗಿ ನಡೆಯುವುದು ಕೋಮಲಳಿಗೆ ತಿಳಿಯುತ್ತಿತ್ತು. ಉಸಿರು ಹಿಡಿದು, ಅಲುಗಾಡದೆ, ಮೌಶಿ ಬರೆದು ಮುಗಿಸುವವರೆಗೂ ಬಾಗಿ ನಿಂತಳು.